ಮನೆಯ ಪಿಕಪ್ ಬಂಡಿಗೆ ಎಂತಹ ಕಮಾನು?

ಮಾಗಡಿ ಸೀಮೆಯ ಗೃಹಸ್ಥರೊಬ್ಬರು ನಮಗೆ ಕಾಗದ ಬರೆದು ಒಂದು ಪ್ರಶ್ನೆಯನ್ನು ಕೇಳಿದ್ದಾರೆ. ಹಿಪ್ಪುನೇರಳೆಯ ತೋಟವೂ ಎರಡು ಎಕರೆ ಮಾವೂ ಅವರ ಜೀವನಾಧಾರ. ಗೂಡು ಮಾರಿದ ಹಣವನ್ನು ಕೂಡಿಟ್ಟು ಹಳೆಯದೊಂದು ಪಿಕಪ್ ಬಂಡಿಯನ್ನು ಕೊಂಡಿದ್ದಾರೆ. ಈಗ ಮನೆಯಲ್ಲಿ ಮೂರು ಮತ. ಹಿರಿಯ ಮಗನು ಹಿಂಬದಿಗೆ ಇನ್ನೆರಡು ಕಮಾನು ಪಟ್ಟಿಗಳನ್ನು ಸೇರಿಸಬೇಕೆನ್ನುತ್ತಾನೆ. ಕಿರಿಯವನು ಬೆಟ್ಟದ ದಾರಿಗಾಗಿ ಬಂಡಿಯನ್ನು ಮೂರು ಅಂಗುಲ ಎತ್ತರಿಸಬೇಕೆನ್ನುತ್ತಾನೆ. ಹುಳು ಸಾಕುವ ಗೃಹಿಣಿಯವರಾದರೋ, ಗೂಡು ಕೆಡದಂತೆ ರಾಮನಗರದ ಮಾರುಕಟ್ಟೆಯನ್ನು ಮುಟ್ಟಿದರೆ ಸಾಕು, ಮಿಕ್ಕ ಹಣ ಮುಂದಿನ ಬೆಳೆಗಿರಲಿ ಎನ್ನುತ್ತಾರೆ. ಯಾರ ಮಾತನ್ನು ನಡೆಸಬೇಕೆಂಬುದು ಯಜಮಾನರ ಸಂದೇಹ. ಇದು ಒಂದು ಮನೆಯ ಮಾತಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಎಷ್ಟೋ ಸಂಸಾರಗಳಿಗೆ ಹಿಂದೆ ಎತ್ತಿನ ಗಾಡಿಯಿದ್ದ ಸ್ಥಾನದಲ್ಲಿ ಇಂದು ಪಿಕಪ್ ನಿಂತಿರುವುದರಿಂದ, ನಮಗೆ ತಿಳಿದುದನ್ನು ಎಲ್ಲ ವಾಚಕರ ಮುಂದೆಯೂ ಇಡುತ್ತೇವೆ.

ಮೊದಲು ಕಮಾನಿನ ಕೆಲಸವೇನೆಂಬುದನ್ನು ತಿಳಿಯೋಣ. ಬಿಲ್ಲಿನಂತೆ ಬಾಗಿಸಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಅಚ್ಚಿಗೆ ಕಟ್ಟುವ ಉಪಾಯವು ಸಾರೋಟುಗಳ ಕಾಲದ್ದು. ನಮ್ಮ ಜಟಕಾ ಗಾಡಿಗಳಲ್ಲಿಯೂ ಇದ್ದಿತು. ಈ ಪಟ್ಟಿಗಳು ಭಾರವನ್ನು ಹೊರುತ್ತವೆ, ಹೊಡೆತವನ್ನು ನುಂಗುತ್ತವೆ. ಆದರೆ ನುಂಗಿದುದನ್ನು ತಿರುಗಿ ಉಗುಳುವುದೂ ಅವುಗಳ ಸ್ವಭಾವ. ಹಾಗೆ ಉಂಟಾಗುವ ಕುಣಿತವನ್ನು ಅಡಗಿಸುವ ಕೆಲಸ ಶಾಕ್ ಅಬ್ಸಾರ್ಬರಿನದು. ಒಂದು ಭಾರ ಹೊರುವುದು, ಇನ್ನೊಂದು ಕುಣಿತ ನಿಲ್ಲಿಸುವುದು. ಈ ಎರಡನ್ನೂ ಒಂದೇ ಎಂದು ತಿಳಿದು ಹಣ ಕಳೆದುಕೊಳ್ಳುವವರೇ ಹೆಚ್ಚು.

ಹಿರಿಯ ಮಗನ ಮಾತನ್ನು ವಿಚಾರಿಸೋಣ. ಸಮಾನ ದಪ್ಪದ ಐದು ಪಟ್ಟಿಗಳಿರುವ ಕಟ್ಟಿಗೆ ಇನ್ನೊಂದು ಅಂತಹುದನ್ನೇ ಸೇರಿಸಿದರೆ ಬಿಗುವು ಸುಮಾರು ಐದನೆಯ ಒಂದು ಪಾಲು ಏರುತ್ತದೆ. ದಪ್ಪದ ಲೆಕ್ಕ ಬೇರೆ: ಅದು ಘನವಾಗಿ ಏರುತ್ತದೆ. ದಪ್ಪವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಬಿಗುವು ನೂರಕ್ಕೆ ಮೂವತ್ತಮೂರರಷ್ಟು ಹೆಚ್ಚುವುದು. ಇಮ್ಮಡಿ ಮಾಡಿದರೆ ಎಂಟು ಮಡಿಯಾಗುವುದು. ಆದುದರಿಂದ ‘ಸ್ವಲ್ಪ ದಪ್ಪದ ಪಟ್ಟಿ ಹಾಕಿಬಿಡಿ’ ಎಂಬ ಮಾತು ಸ್ವಲ್ಪದ ಮಾತಲ್ಲ. ಬಿಗಿಯಾದ ಕಮಾನು ತುಂಬಿದ ಬಂಡಿಯಲ್ಲಿ ಚೆನ್ನಾಗಿಯೇ ತೋರುತ್ತದೆ. ಖಾಲಿ ಹಿಂದಿರುಗುವಾಗ ಮಾತ್ರ ಹಿಂದಿನ ಚಕ್ರಗಳು ನೆಲದ ಮೇಲೆ ನಿಲ್ಲದೆ ನೆಗೆಯುತ್ತವೆ. ನೆಲ ಬಿಟ್ಟ ಚಕ್ರಕ್ಕೆ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ.

ಸರಕಿನ ವಿಚಾರವೂ ಇದೆ. ಏಷ್ಯಾ ಖಂಡದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲೊಂದು ರಾಮನಗರದಲ್ಲಿದೆ. ಅಲ್ಲಿಗೆ ಹೋಗುವ ರೇಷ್ಮೆಗೂಡು ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಹಗುರ. ಒಳಗೆ ಜೀವವಿರುವ ಕೋಶವುಂಟು. ಕುಲುಕಾಟದಿಂದ ಅದು ಒಡೆದರೆ ಗೂಡಿನ ಒಳಮೈ ಕೊಳೆಯಾಗಿ ಬೆಲೆ ಇಳಿಯುತ್ತದೆ. ಮಾವಿನ ಗತಿಯೂ ಅದೇ. ಕನಕಪುರದ ಕಡೆಯ ನಮ್ಮ ಬಂಧುಗಳೊಬ್ಬರು ದಪ್ಪ ಪಟ್ಟಿಗಳನ್ನು ಹಾಕಿಸಿ, ಆ ವರ್ಷದ ಬಾದಾಮಿ ಹಣ್ಣನ್ನು ಬಹು ಸಂಭ್ರಮದಿಂದ ಸಾಗಿಸಿದರು. ಹೊರಗೆ ಮಚ್ಚೆಯಿಲ್ಲದ ಹಣ್ಣು ಮೂರನೆಯ ದಿನ ಒಳಗೆ ಕಪ್ಪಾಗಿತ್ತು. ಕಮಾನು ನುಂಗದ ಹೊಡೆತವನ್ನು ಹಣ್ಣು ನುಂಗಿತ್ತು.

ಕಿರಿಯವನ ಮಾತಿಗೆ ಬರೋಣ. ಸಾವನದುರ್ಗದ ಸುತ್ತಣ ಕಲ್ಲುದಾರಿಗಳನ್ನೂ, ಕನಕಪುರದಿಂದ ಸಂಗಮದ ಕಡೆಗಿರುವ ಕಾಡಂಚಿನ ಏರಿಳಿತಗಳನ್ನೂ ಕಂಡವರು ಎತ್ತರವನ್ನು ಬಯಸುವುದು ಸಹಜವೇ. ಆದರೆ ಕಮಾನನ್ನು ಏರಿಸಿದರೆ ಎತ್ತರವಾಗುವುದು ಬಂಡಿಯ ಒಡಲು ಮಾತ್ರ. ಹಿಂದಿನ ಅಚ್ಚೂ, ಅದರ ನಡುವೆ ಕೆಳಗೆ ಉಬ್ಬಿರುವ ಡಿಫರೆನ್ಷಿಯಲ್ಲೂ ಇದ್ದಲ್ಲಿಯೇ ಇರುತ್ತವೆ. ಹಿಂದೆ ಅದಕ್ಕೆ ತಗಲುತ್ತಿದ್ದ ಬಂಡೆ ಮುಂದೆಯೂ ತಗಲುತ್ತದೆ. ಮೇಲಾಗಿ ಭಾರದ ಕೇಂದ್ರವು ಮೇಲೇರಿ, ಕೆರೆಯ ಏರಿಯ ತಿರುವಿನಲ್ಲಿ ಬಂಡಿ ಮಗುಚುವ ಭಯ ಹೆಚ್ಚುತ್ತದೆ. ಯಂತ್ರದಿಂದ ಹಿಂದಿನ ಅಚ್ಚಿಗೆ ಹೋಗುವ ದಂಡದ ಓರೆ ಹೆಚ್ಚಿ ಅದರ ಕೀಲುಗಳು ಬೇಗ ಸವೆಯುತ್ತವೆ. ಬ್ರೇಕಿನ ಕೊಳವೆ ಎಳೆದು ನಿಲ್ಲುತ್ತದೆ. ಕೆಲವು ಪಿಕಪ್ಪುಗಳಲ್ಲಿ ಒಡಲಿಗೂ ಅಚ್ಚಿಗೂ ಇರುವ ದೂರವನ್ನು ನೋಡಿ ಹಿಂಬದಿಯ ಬ್ರೇಕಿನ ಬಲವನ್ನು ಹದಗೊಳಿಸುವ ಕವಾಟವಿರುತ್ತದೆ. ಬಂಡಿಯನ್ನು ಎತ್ತರಿಸಿದರೆ ತುಂಬಿದ ಬಂಡಿಯನ್ನೂ ಅದು ಖಾಲಿಯೆಂದೇ ಭಾವಿಸಿ ಬ್ರೇಕನ್ನು ಕಡಿಮೆ ಮಾಡುತ್ತದೆ. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿಯ ವೇಗದಲ್ಲಿ ಇದರ ಅರ್ಥವೇನೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಬೆಟ್ಟದ ದಾರಿಗೆ ನಿಜವಾಗಿ ಬೇಕಾದುದು ಎತ್ತರವೂ ಅಲ್ಲ, ಬಿಗುವೂ ಅಲ್ಲ; ನಾಲ್ಕು ಚಕ್ರಗಳೂ ನೆಲವನ್ನು ಬಿಡದಂತೆ ಬಳುಕುವ ಗುಣ. ಏರುಪೇರಾದ ನೆಲದ ಮೇಲಿಟ್ಟ ನಾಲ್ಕು ಕಾಲಿನ ಸ್ಟೂಲು ಮೂರು ಕಾಲಿನ ಮೇಲೆ ನಿಂತು ತೂಗಾಡುವುದನ್ನು ಅಡಿಗೆಮನೆಯಲ್ಲಿ ಯಾರು ಕಂಡಿಲ್ಲ? ಅತಿ ಬಿಗಿಯಾದ ಕಮಾನಿನ ಬಂಡಿಯೂ ಹಾಗೆಯೇ.

ಕಾನೂನನ್ನೂ ಮರೆಯಲಾಗದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯು ಇಂತಹ ಪ್ರತಿಯೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡವನ್ನೋ, ಆರು ತಿಂಗಳವರೆಗೆ ಸೆರೆಯನ್ನೋ, ಎರಡನ್ನೂ ಸೇರಿಸಿಯೋ ವಿಧಿಸಿತು. ಅಪಘಾತವಾದಾಗ ವಿಮೆಯ ಹಣಕ್ಕೆ ತಕರಾರು ಬರುವುದೂ ಇಂತಹ ಬಂಡಿಗಳಿಗೇ. ಹೆಚ್ಚು ಪಟ್ಟಿಗಳನ್ನು ಹಾಕಿಸಿದ ಮಾತ್ರಕ್ಕೆ ಹೆಚ್ಚು ಭಾರ ಹೊರುವ ಅಧಿಕಾರ ದೊರೆಯುವುದಿಲ್ಲ, ಆರ್.ಸಿ.ಯಲ್ಲಿ ಬರೆದ ತೂಕವೇ ಮೇರೆ. ಪಟ್ಟಿ ತಡೆದರೂ ಅಚ್ಚು, ಟೈರು, ಬ್ರೇಕುಗಳು ಮೊದಲಿನವೇ ಅಲ್ಲವೆ?

ಹಾಗಾದರೆ ಮಾಡಬೇಕಾದುದೇನು? ಮೊದಲು ಬಟ್ಟೆ ಅಳೆಯುವ ಟೇಪನ್ನು ತೆಗೆದುಕೊಳ್ಳಿರಿ. ಸಮನೆಲದಲ್ಲಿ ಖಾಲಿ ಬಂಡಿಯನ್ನು ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಎರಡು ಪಕ್ಕಗಳಲ್ಲಿಯೂ ಅಳೆಯಿರಿ. ಒಂದು ಕಡೆ ತಗ್ಗಿದ್ದರೆ ಅಲ್ಲಿಯ ಕಮಾನು ಸೋತಿರಬಹುದು, ಇಲ್ಲವೆ ಒಳಗಿನ ಪಟ್ಟಿಯೊಂದು ಮುರಿದಿರಬಹುದು. ಅನಂತರ ಒಂದೊಂದು ಮೂಲೆಯನ್ನೂ ಬಲವಾಗಿ ಒತ್ತಿ ಬಿಡಿರಿ. ಒಂದೆರಡು ಸಲಕ್ಕಿಂತ ಹೆಚ್ಚಾಗಿ ತೂಗಾಡಿದರೆ, ಅಥವಾ ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಸೋರಿದ್ದರೆ, ಅದನ್ನು ಬದಲಾಯಿಸಬೇಕು. ಎಡಬಲ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಸವೆದ ಬುಷ್‌ಗಳನ್ನೂ ಸಡಿಲಾದ ಯು ಬೋಲ್ಟುಗಳನ್ನೂ ನೋಡಿಸಿರಿ. ಕಮಾನು ಸೋತಿದ್ದರೆ ತಯಾರಕರು ಹೇಳಿದ ಅಳತೆಯದನ್ನೇ ಹಾಕಿಸಿರಿ. ಟೈರಿನ ಗಾಳಿಯನ್ನು ಭಾರಕ್ಕೆ ತಕ್ಕಂತೆ ಇಡಿರಿ. ಗೂಡನ್ನು ಒತ್ತಿ ತುಂಬದೆ ಸಡಿಲವಾಗಿ ಹರಡಿ, ತಂಪುಹೊತ್ತಿನಲ್ಲಿ ಸಾಗಿಸಿರಿ.

ಇಷ್ಟು ಮಾಡಿದ ಮೇಲೆ ಹಳೆಯ ಬಂಡಿಯೇ ಹೊಸದಾದಂತೆ ಕಾಣುವುದು. ಮಕ್ಕಳಿಬ್ಬರ ಬಯಕೆಯ ಬಹುಪಾಲು ಅದರಲ್ಲಿಯೇ ತೀರುವುದು. ಆದುದರಿಂದ ನಮ್ಮ ಅಭಿಪ್ರಾಯ ಗೃಹಿಣಿಯವರ ಕಡೆಗೇ. ಅವರು ಕಮಾನಿನ ಲೆಕ್ಕವನ್ನು ಅರಿಯದವರಿರಬಹುದು, ಆದರೆ ಬಂಡಿಯಿರುವುದು ಯಾವುದಕ್ಕೆಂಬುದನ್ನು ಮರೆತಿಲ್ಲ. ಗೂಡು ಕೆಡದೆ ಮಾರುಕಟ್ಟೆಯನ್ನು ಸೇರಬೇಕು. ಬಂಡಿ ನಡೆಸುವ ಮಗನು ಕತ್ತಲಾಗುವುದರೊಳಗೆ ಸುಖವಾಗಿ ಮನೆಯನ್ನು ಸೇರಬೇಕು. ಅಷ್ಟನ್ನು ಸಾಧಿಸಿಕೊಡುವ ಕಮಾನೇ ಒಳ್ಳೆಯ ಕಮಾನು.