‘ಈ ಒಂದು ಗುಟ್ಟು ಗೊತ್ತಾದರೆ ಪಟ್ ತಪ್ಪುವುದೇ ಇಲ್ಲ’: ಗಾಲ್ಫ್ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

2021ರ ಆಗಸ್ಟ್ 7ರ ಬೆಳಿಗ್ಗೆ ಗಾಲ್ಫ್ ಎಂದರೇನೆಂದೇ ತಿಳಿಯದ ಎಷ್ಟೋ ಮಂದಿ ಟಿವಿ ಮುಂದೆ ಕೂತಿದ್ದರು. ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಬಂದಿದ್ದರು. ಕಡೆಗೆ ಒಂದೇ ಒಂದು ಹೊಡೆತದ ಅಂತರದಲ್ಲಿ ನಾಲ್ಕನೇ ಸ್ಥಾನ ಸಿಕ್ಕಿತು. ಚೆಂಡನ್ನು ಬಹಳ ದೂರ ಹೊಡೆಯುವುದು ಅದಿತಿಯವರ ಶಕ್ತಿಯಲ್ಲ. ಗ್ರೀನ್ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಬೀಳಿಸುವ ಹೊಡೆತ, ಅಂದರೆ ಪಟ್ಟಿಂಗ್, ಅವರ ಬಲ.

ಪಟ್ಟಿಂಗ್ ನೋಡಲು ಸುಲಭ. ಓಟವಿಲ್ಲ, ಬಲಪ್ರಯೋಗವಿಲ್ಲ. ಅದಕ್ಕೇ ಇರಬೇಕು, ‘ಒಂದೇ ಗುಟ್ಟು’ ಎನ್ನುವ ವಿಡಿಯೊಗಳು ಈ ಹೊಡೆತದ ಸುತ್ತ ಹೆಚ್ಚು. ಮಕ್ಕಳನ್ನು ಗಾಲ್ಫ್ ಕಲಿಯಲು ಕಳಿಸುವ ಪೋಷಕರ ಗ್ರೂಪ್‌ಗಳಲ್ಲೂ, ನಿವೃತ್ತಿಯ ನಂತರ ಆಟ ಶುರು ಮಾಡಿದವರ ಗ್ರೂಪ್‌ಗಳಲ್ಲೂ ಇಂಥವು ಓಡಾಡುತ್ತವೆ. ಇವನ್ನು ನಂಬಿ ಹಣ ಕಳೆದುಕೊಳ್ಳುವವರಿದ್ದಾರೆ. ‘ನನ್ನ ಕೈಯಲ್ಲಿ ಆಗಲ್ಲ’ ಎಂದು ಆಟವನ್ನೇ ಬಿಡುವವರೂ ಇದ್ದಾರೆ. ಹಾಗಾಗಿ ಒಂದೊಂದಾಗಿ ನೋಡೋಣ.

ಹೇಳಿಕೆ 1: ಒಳ್ಳೆಯ ಆಟಗಾರರು ಹತ್ತಿರದ ಪಟ್ ತಪ್ಪಿಸುವುದಿಲ್ಲ

ಇದು ತಪ್ಪು. ಅಮೆರಿಕದ ಪಿಜಿಎ ಟೂರ್‌ನ ವೃತ್ತಿಪರರು ಮೂರು ಅಡಿಯಿಂದ ನೂರಕ್ಕೆ ಸುಮಾರು 96 ಪಟ್ ಹಾಕುತ್ತಾರೆ. ಎಂಟು ಅಡಿಗೆ ಬಂದರೆ ಅರ್ಧಕ್ಕರ್ಧ ತಪ್ಪುತ್ತವೆ. ಇಪ್ಪತ್ತು ಅಡಿಯಿಂದ ಒಳಗೆ ಹೋಗುವುದು ನೂರಕ್ಕೆ ಸುಮಾರು 15 ಮಾತ್ರ. ನಾವು ನೋಡುವ ತುಣುಕುಗಳಲ್ಲಿ ಬಿದ್ದ ಚೆಂಡುಗಳಷ್ಟೇ ಇರುತ್ತವೆ. ತಪ್ಪಿದ್ದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಎಂಟು ಅಡಿಯಿಂದ ನಾಲ್ಕು ಸಲ ತಪ್ಪಿತೆಂದು ಹೊಸ ಪಟ್ಟರ್ ಕೊಳ್ಳುವ ಮೊದಲು ಈ ಲೆಕ್ಕ ನೆನಪಿರಲಿ.

ಹೇಳಿಕೆ 2: ಪಟ್ಟರ್ ಗೆರೆ ಎಳೆದಂತೆ ನೇರ ಹಿಂದೆ, ನೇರ ಮುಂದೆ ಹೋಗಲೇಬೇಕು

ಅರ್ಧ ನಿಜ. ಅಗ್ರ ಆಟಗಾರರಲ್ಲಿ ಪಟ್ಟರನ್ನು ನೇರವಾಗಿ ಆಡಿಸುವವರೂ ಇದ್ದಾರೆ, ಸಣ್ಣ ಬಿಲ್ಲಿನಾಕಾರದಲ್ಲಿ ಆಡಿಸುವವರೂ ಇದ್ದಾರೆ. ಚೆಂಡಿಗೆ ತಗಲುವ ಕ್ಷಣದಲ್ಲಿ ಪಟ್ಟರಿನ ಮುಖ ಎತ್ತ ತಿರುಗಿದೆ ಎನ್ನುವುದೇ ಮುಖ್ಯ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಅದು. ಪಟ್ಟರ್ ಸಾಗಿ ಬಂದ ದಾರಿಯ ಪಾಲು ತೀರಾ ಕಡಿಮೆ.

ಎಷ್ಟು ನಿಖರತೆ ಬೇಕು? ಗಾಲ್ಫ್ ಕುಳಿಯ ಅಗಲ 108 ಮಿಲಿಮೀಟರ್. ನಟ್ಟನಡುವಿನಿಂದ ಅಂಚಿಗೆ 54 ಮಿಲಿಮೀಟರ್. ಮೂರು ಮೀಟರ್ ದೂರದಿಂದ ಹೊಡೆದ ಚೆಂಡು ಒಂದೇ ಒಂದು ಡಿಗ್ರಿ ಓರೆಯಾದರೂ ಕುಳಿಯ ಹತ್ತಿರ ಬರುವ ಹೊತ್ತಿಗೆ ಸುಮಾರು 52 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ, ಅಂದರೆ ಅಂಚಿನಲ್ಲಿರುತ್ತದೆ. ಒಂದು ಮೀಟರ್ ದೂರದಲ್ಲಾದರೆ ಮೂರು ಡಿಗ್ರಿವರೆಗೆ ವಿನಾಯಿತಿ ಇದೆ. ಅಭ್ಯಾಸ ಹತ್ತಿರದಿಂದ ಶುರುವಾಗಬೇಕು ಎಂದು ತರಬೇತುದಾರರು ಹೇಳುವುದರ ಹಿಂದೆ ಈ ಗಣಿತವಿದೆ.

ಹೇಳಿಕೆ 3: ದಿಕ್ಕು ಸರಿಯಿದ್ದರೆ ಸಾಕು, ಜೋರಾಗಿ ಹೊಡೆಯಿರಿ

ತಪ್ಪು. ಚೆಂಡು ಕುಳಿಗೆ ಬೀಳಬೇಕಾದರೆ ಅದನ್ನು ದಾಟುವಷ್ಟರಲ್ಲಿ ಸ್ವಲ್ಪವಾದರೂ ಕೆಳಗಿಳಿಯಬೇಕು. ಚೆಂಡಿನ ವ್ಯಾಸ ಕನಿಷ್ಠ 42.67 ಮಿಲಿಮೀಟರ್. ಅದರ ಅರ್ಧದಷ್ಟು ಕೆಳಗಿಳಿಯಲು ಗುರುತ್ವಕ್ಕೆ ಸೆಕೆಂಡಿನ ನೂರರಲ್ಲಿ ಆರೇಳು ಭಾಗದಷ್ಟು ಸಮಯ ಬೇಕು. ವೇಗ ಹೆಚ್ಚಿದ್ದರೆ ಆ ಸಮಯ ಸಿಗುವುದಿಲ್ಲ. ಚೆಂಡು ಅಂಚು ಸವರಿ ಹೊರಗೆ ಹೋಗುತ್ತದೆ. ವೇಗ ಹೆಚ್ಚಿದಷ್ಟೂ ಕುಳಿ ಚಿಕ್ಕದಾದಂತೆ ಎಂದು ತಿಳಿಯಿರಿ. ಹಾಗೆಂದು ತೀರಾ ಮೆಲ್ಲಗೆ ಹೊಡೆದರೆ ಚೆಂಡು ಕುಳಿಯವರೆಗೂ ತಲುಪುವುದಿಲ್ಲ. ತಪ್ಪಿದರೂ ಒಂದೆರಡು ಅಡಿ ಆಚೆ ನಿಲ್ಲುವ ವೇಗ ಹಿತಮಿತ.

ಹೇಳಿಕೆ 4: ‘ಅದೃಷ್ಟದ ಚೆಂಡು’ ಕೆಲಸ ಮಾಡುತ್ತದೆ, ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ

ಈ ಹೇಳಿಕೆಯ ಹಿಂದೆ ನಿಜವಾದ ಅಧ್ಯಯನವೊಂದಿದೆ. 2010ರಲ್ಲಿ ಜರ್ಮನಿಯ ಸಂಶೋಧಕರು 28 ವಿದ್ಯಾರ್ಥಿಗಳಿಗೆ ಒಂದು ಮೀಟರ್ ದೂರದಿಂದ ತಲಾ ಹತ್ತು ಪಟ್ ಹಾಕಲು ಹೇಳಿದರು. ಅರ್ಧದಷ್ಟು ಜನರಿಗೆ ‘ಇದು ಅದೃಷ್ಟದ ಚೆಂಡು’ ಎಂದು ಹೇಳಿ ಕೊಟ್ಟರು. ಅವರು ಸರಾಸರಿ 6.42 ಪಟ್ ಹಾಕಿದರೆ ಉಳಿದವರು 4.75 ಹಾಕಿದರು. ಸುದ್ದಿ ಜಗತ್ತಿನಾದ್ಯಂತ ಹರಡಿತು.

ಆಮೇಲಿನದು ಅಷ್ಟು ಹರಡಲಿಲ್ಲ. 2014ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇದೇ ಪ್ರಯೋಗವನ್ನು ಇನ್ನೂ ಹೆಚ್ಚು ಜನರೊಂದಿಗೆ ಮತ್ತೆ ಮಾಡಿದರು. ಅದೃಷ್ಟದ ಚೆಂಡಿನಿಂದ ಪ್ರಯೋಜನ ಕಾಣಲಿಲ್ಲ. 28 ಜನರ ಸಣ್ಣ ಗುಂಪಿನಲ್ಲಿ ಇಂಥ ವ್ಯತ್ಯಾಸ ಕಾಕತಾಳೀಯವಾಗಿಯೂ ಬರಬಹುದು. ‘ಅಧ್ಯಯನ ಹೇಳಿದೆ’ ಎಂಬ ಸಂದೇಶ ಬಂದಾಗ ಎಷ್ಟು ಜನರ ಮೇಲೆ ನಡೆದದ್ದು, ಬೇರೆಯವರು ಮಾಡಿದಾಗಲೂ ಅದೇ ಫಲಿತಾಂಶ ಬಂತೇ ಎಂದು ಕೇಳಬೇಕಾದ್ದು ಇದಕ್ಕೇ.

ಹೇಳಿಕೆ 5: ಪಟ್ಟರನ್ನು ಎದೆಗೆ ಒತ್ತಿ ಹಿಡಿದರೆ ಕೈ ನಡುಗುವುದಿಲ್ಲ

ಹಳೆಯ ವಿಡಿಯೊಗಳಲ್ಲಿ ಇದು ಈಗಲೂ ಸಿಗುತ್ತದೆ. ಆದರೆ ಪಟ್ಟರನ್ನು ಮೈಗೆ ಆನಿಸಿ ಹೊಡೆಯುವುದನ್ನು 2016ರ ಜನವರಿ 1ರಿಂದ ನಿಯಮ ನಿಷೇಧಿಸಿದೆ. ಉದ್ದದ ಪಟ್ಟರ್ ಬಳಸಬಹುದು, ಎದೆಗೋ ಹೊಟ್ಟೆಗೋ ಆನಿಸುವಂತಿಲ್ಲ. ಮಕ್ಕಳಿಗೆ ಇದನ್ನು ಅಭ್ಯಾಸ ಮಾಡಿಸಿದರೆ ಸ್ಪರ್ಧೆಯಲ್ಲಿ ದಂಡದ ಹೊಡೆತ ಬೀಳುತ್ತದೆ.

ಹೇಳಿಕೆ 6: ಕೈ ಜರ್ಕ್ ಆಗುವುದು ಧೈರ್ಯವಿಲ್ಲದವರಿಗೆ

ಇದು ನೋವು ಕೊಡುವ ಸುಳ್ಳು. ಸಣ್ಣ ಪಟ್ ಹಾಕುವಾಗ ಮಣಿಕಟ್ಟು ತಾನಾಗಿಯೇ ಎಳೆದಂತಾಗುವುದಕ್ಕೆ ಗಾಲ್ಫ್‌ನಲ್ಲಿ ‘ಯಿಪ್ಸ್’ ಎನ್ನುತ್ತಾರೆ. ಕೆಲವರಲ್ಲಿ ಆತಂಕ ಇದಕ್ಕೆ ಕಾರಣ. ಇನ್ನು ಕೆಲವರಲ್ಲಿ ಇದು ನರಮಂಡಲಕ್ಕೆ ಸಂಬಂಧಿಸಿದ ‘ಫೋಕಲ್ ಡಿಸ್ಟೋನಿಯಾ’. ಒಂದೇ ಬಗೆಯ ಸೂಕ್ಷ್ಮ ಚಲನೆಯನ್ನು ವರ್ಷಗಟ್ಟಲೆ ಮಾಡುವ ಸಂಗೀತಗಾರರಲ್ಲೂ ಬರಹಗಾರರಲ್ಲೂ ಇದು ಕಾಣಿಸುತ್ತದೆ. ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್ ಯಿಪ್ಸ್‌ನಿಂದ ಬಹಳ ಕಾಲ ಕಷ್ಟಪಟ್ಟವರು. 1985 ಮತ್ತು 1993ರಲ್ಲಿ ಮಾಸ್ಟರ್ಸ್ ಗೆದ್ದವರೂ ಅವರೇ. ಹಿಡಿತ ಬದಲಿಸುವುದರಿಂದ ಕೆಲವರಿಗೆ ಅನುಕೂಲವಾಗುತ್ತದೆ. ಬರೆಯುವಾಗಲೋ ಊಟ ಮಾಡುವಾಗಲೋ ಕೈ ಹೀಗೇ ಎಳೆದರೆ ನರರೋಗ ತಜ್ಞರನ್ನು ಕಾಣಬೇಕು.

ಹಾಗಾದರೆ ಏನು ಮಾಡಬಹುದು?

ಒಂದು, ಕಣ್ಣು. ಹೊಡೆಯುವ ಮುನ್ನ ನುರಿತ ಆಟಗಾರರ ನೋಟ ಚೆಂಡಿನ ಮೇಲೆ ಎರಡು ಸೆಕೆಂಡಿನಷ್ಟು ಅಲುಗದೆ ನಿಲ್ಲುತ್ತದೆ. ಕೆನಡಾದ ಸಂಶೋಧಕಿ ಜೋನ್ ವಿಕರ್ಸ್ 1990ರ ದಶಕದಲ್ಲಿ ಇದನ್ನು ಗುರುತಿಸಿ ‘ಕ್ವಯಟ್ ಐ’ ಎಂದು ಕರೆದರು. ಹೊಸಬರ ಕಣ್ಣು ಚೆಂಡಿನಿಂದ ಕುಳಿಗೆ, ಕುಳಿಯಿಂದ ಪಟ್ಟರಿಗೆ ಓಡಾಡುತ್ತಿರುತ್ತದೆ.

ಎರಡು, ದಿಕ್ಕು. ಒಂದು ಮೀಟರ್ ಉದ್ದದ ಲೋಹದ ಪಟ್ಟಿಯನ್ನು ನೆಲದ ಮೇಲಿಟ್ಟು ಅದರ ಮೇಲೆ ಚೆಂಡು ಉರುಳಿಸಿ. ಪಟ್ಟರಿನ ಮುಖ ಓರೆಯಾಗಿದ್ದರೆ ಚೆಂಡು ಅರ್ಧದಲ್ಲೇ ಕೆಳಗೆ ಬೀಳುತ್ತದೆ. ಖರ್ಚಿಲ್ಲದೆ ನಿಮ್ಮ ತಪ್ಪು ನಿಮಗೇ ಕಾಣುತ್ತದೆ.

ಮೂರು, ವೇಗ. ಮೂರು, ಆರು, ಒಂಬತ್ತು ಮೀಟರ್ ಗುರುತು ಹಾಕಿಕೊಂಡು ಕುಳಿಯ ಗೊಡವೆಯಿಲ್ಲದೆ ಚೆಂಡು ಆ ಗುರುತಿನಲ್ಲಿ ನಿಲ್ಲುವಂತೆ ಹೊಡೆಯಿರಿ.

ನಾಲ್ಕು, ನಿರೀಕ್ಷೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳ ಲೆಕ್ಕ ಹಾಕಿದಾಗ, ಅಗ್ರ ವೃತ್ತಿಪರರ ಮುನ್ನಡೆಯಲ್ಲಿ ಪಟ್ಟಿಂಗ್‌ನ ಪಾಲು ಸುಮಾರು ಶೇ 15 ಎಂದು ಕಂಡುಬಂತು. ದೊಡ್ಡ ಪಾಲು ಗ್ರೀನ್‌ಗೆ ಚೆಂಡು ತಲುಪಿಸುವ ಹೊಡೆತಗಳದ್ದು. ಪಟ್ಟಿಂಗ್ ಸುಧಾರಿಸಿದರೆ ಅಂಕ ಇಳಿಯುತ್ತದೆ ನಿಜ, ಆದರೆ ಅದೊಂದರಿಂದಲೇ ಆಟ ಬದಲಾಗದು.

ಮುಂದಿನ ಸಲ ‘ಈ ಗುಟ್ಟು ಎಲ್ಲರಿಗೂ ಕಳಿಸಿ’ ಎಂಬ ವಿಡಿಯೊ ಬಂದರೆ ಅದು ಯಾವ ವರ್ಷದ್ದು, ಏನನ್ನು ಮಾರುತ್ತಿದೆ, ತಪ್ಪಿದ ಪಟ್‌ಗಳನ್ನೂ ತೋರಿಸಿದೆಯೇ ಎಂದು ನೋಡಿ. ಉತ್ತರ ಸಿಗದಿದ್ದರೆ ಫೋನ್ ಪಕ್ಕಕ್ಕಿಟ್ಟು ಒಂದು ಮೀಟರ್ ದೂರದಿಂದ ಇಪ್ಪತ್ತು ಪಟ್ ಹಾಕಿ. ಪ್ರಯೋಜನ ಅದರಲ್ಲೇ ಹೆಚ್ಚು.