ಹಳೆಯ ಕಾರಿನ ಮಮತೆ

ಕುರ್ಲಾದಲ್ಲಿ ತಯಾರಾಗುತ್ತಿದ್ದ ಪದ್ಮಿನಿ ಕಾರು 2023ರ ಅಕ್ಟೋಬರಿನಲ್ಲಿ ಮುಂಬಯಿಯ ಟ್ಯಾಕ್ಸಿ ಸಾಲಿನಿಂದ ಮರೆಯಾಯಿತು. ಆದರೂ ಹಿರಿಯರು ಗಲ್ಲಾದಲ್ಲಿ ಕುಳಿತು ಕೂಡಿಸಿದ ಹಣದಿಂದ ಕೊಂಡ ಅಂತಹ ಕಾರನ್ನು ನಮ್ಮವರಲ್ಲಿ ಕೆಲವರು ಇನ್ನೂ ಬಿಟ್ಟಿಲ್ಲ. ಅದನ್ನು ಉಳಿಸುವುದೋ, ಬಿಡುವುದೋ?

ಖಾಸಗಿ ಕಾರಿನ ನೋಂದಣಿ 15 ವರ್ಷಗಳದು. ಅನಂತರ ತಪಾಸಣೆಯಲ್ಲಿ ತೇರ್ಗಡೆಯಾದರೆ ಐದು ವರ್ಷಗಳ ನವೀಕರಣ ದೊರೆಯುತ್ತದೆ. ತಳದ ತಗಡು ಗಟ್ಟಿಯಿದ್ದರೆ ದುರಸ್ತಿ ಯೋಗ್ಯವೇ. ಬೇರೆ ಇಂಜಿನು ಕೂಡಿಸಿ ರೂಪ ಬದಲಿಸುವ ಹುಮ್ಮಸ್ಸು ಬೇಡ; ಅನುಮತಿಯಿಲ್ಲದ ಮಾರ್ಪಾಡನ್ನು ಕಾಯಿದೆ ಒಪ್ಪದು. ತಳವೇ ತುಕ್ಕು ಹಿಡಿದಿದ್ದರೆ, ಮಕ್ಕಳ ಶಾಲೆಯ ಹಣವನ್ನು ಗ್ಯಾರೇಜಿಗೆ ಸುರಿಯದೆ, ಸರಕಾರದ ಮಾನ್ಯತೆಯುಳ್ಳ ಗುಜರಿ ಕೇಂದ್ರಕ್ಕೆ ಒಪ್ಪಿಸಿ ನೋಂದಣಿ ರದ್ದುಪಡಿಸಿಕೊಳ್ಳುವುದು ಲೇಸು. ಬೀದಿಯ ಗುಜರಿಯವನಿಗೆ ಕೊಟ್ಟರೆ ದಾಖಲೆಯಲ್ಲಿ ಹೆಸರುಳಿದು ತೊಂದರೆಯಾದೀತು.

ಮಮತೆ ಇರಲಿ, ಆದರೆ ಅದಕ್ಕಾಗಿ ಸಾಲ ಮಾಡುವುದು ಸಂಬಳದವರಿಗೆ ಸಲ್ಲದು.