ಕೇಳದೆ ಎಳೆದ ಗೆರೆ

1945ರ ಆಗಸ್ಟ್ 10ರ ರಾತ್ರಿ. ಜಪಾನ್ ಶರಣಾಗುವ ಸುದ್ದಿ ಹಬ್ಬುತ್ತಿದ್ದಂತೆ ವಾಷಿಂಗ್ಟನ್ನಿನಲ್ಲಿ ಡೀನ್ ರಸ್ಕ್, ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಸೇನಾಧಿಕಾರಿಗಳು ಒಂದು ನಕಾಶೆ ಹರಡಿಕೊಂಡು ಕೊರಿಯಾದ ನಡುವೆ 38ನೇ ಅಕ್ಷಾಂಶವನ್ನು ಗುರುತಿಸಿದರು. ಅರ್ಧ ಗಂಟೆಯ ಕೆಲಸ. ರಾಜಧಾನಿ ಸಿಯೋಲ್ ಅಮೆರಿಕದ ಪಾಲಿಗೆ ಬರಬೇಕು ಎಂಬುದಷ್ಟೇ ಲೆಕ್ಕಾಚಾರ. ಸೋವಿಯತ್ ಒಕ್ಕೂಟವೂ ತಕರಾರಿಲ್ಲದೆ ಒಪ್ಪಿತು. ಮೂವತ್ತೈದು ವರ್ಷ ಜಪಾನಿನ ಕೈಕೆಳಗೆ ನಲುಗಿದ್ದ ಕೊರಿಯನ್ನರನ್ನು ಮಾತ್ರ ಯಾರೂ ಕೇಳಲಿಲ್ಲ.

ಶ್ರೀರಂಗಪಟ್ಟಣದ ಸೀಮೆಯವರಿಗೆ ಇದು ಅರ್ಥವಾಗದ ಸಂಗತಿಯಲ್ಲ. 1792ರ ಒಪ್ಪಂದದಲ್ಲಿ ಮೈಸೂರು ರಾಜ್ಯದ ಅರ್ಧವನ್ನು ಈಸ್ಟ್ ಇಂಡಿಯಾ ಕಂಪನಿ, ನಿಜಾಮ, ಮರಾಠರು ಹಂಚಿಕೊಂಡಾಗಲೂ ಅಲ್ಲಿನ ಒಕ್ಕಲುಗಳ ಮಾತು ಯಾರಿಗೂ ಬೇಕಿರಲಿಲ್ಲ. ಏಳು ವರ್ಷಕ್ಕೆ ಮತ್ತೆ ಯುದ್ಧ ಬಂತು.

ಕೊರಿಯಾದಲ್ಲಿ ಅದು ಐದೇ ವರ್ಷಕ್ಕೆ ಬಂತು. 1948ರಲ್ಲಿ ತೆಂಕಣದಲ್ಲಿ ಸಿಂಗ್ಮನ್ ರೀ, ಬಡಗಣದಲ್ಲಿ ಕಿಮ್ ಇಲ್ ಸುಂಗ್ ಒಂದೊಂದು ಸರ್ಕಾರ ಕಟ್ಟಿದರು. ಇಡೀ ಕೊರಿಯಾ ತನ್ನದೆಂದೇ ಇಬ್ಬರ ವಾದ. ಸ್ಟಾಲಿನ್ನನ ಒಪ್ಪಿಗೆ ಪಡೆದು 1950ರ ಜೂನ್ 25ರಂದು ಕಿಮ್ ದಂಡೆತ್ತಿ ಬಂದ. ದಾಳಿಯ ಹೊಣೆ ಅವನದೇ. ಆದರೆ ಆ ಗೆರೆ ಎಳೆದವರು ಪಾರಾಗಲಾರರು. ಅಮೆರಿಕ ಇಳಿಯಿತು, ಚೀನಾ ಇಳಿಯಿತು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. 1953ರ ಜುಲೈ 27ರ ಕದನವಿರಾಮದ ಹೊತ್ತಿಗೆ ಸೇನೆಗಳು ಹೆಚ್ಚುಕಡಿಮೆ ಹೊರಟ ಜಾಗದಲ್ಲೇ ನಿಂತಿದ್ದವು. ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ.

ಆ ಕದನವಿರಾಮ ಎರಡು ವರ್ಷ ತಡವಾಗಿದ್ದು ಮುಖ್ಯವಾಗಿ ಸೆರೆಯಾಳುಗಳ ಪ್ರಶ್ನೆಯಿಂದ. ಊರಿಗೆ ಮರಳಲು ಒಲ್ಲೆ ಎಂದವರನ್ನು ಏನು ಮಾಡುವುದು? ಆ ಸಿಕ್ಕು ಬಿಡಿಸಲು ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರಾಗಿ ಹೋದವರು ಮಡಿಕೇರಿಯ ಕೊಡವ ಜನರಲ್ ಕೆ. ಎಸ್. ತಿಮ್ಮಯ್ಯ. ತನ್ನ ನೆಲದ ಮೇಲೆ ಭಾರತದ ಸೈನಿಕರು ಕಾಲಿಡಕೂಡದೆಂದು ರೀ ಹಟ ಹಿಡಿದದ್ದರಿಂದ ನಮ್ಮ ಸಾವಿರಾರು ಯೋಧರನ್ನು ಇಂಚಾನ್ ಬಂದರಿನಿಂದ ಹೆಲಿಕಾಪ್ಟರ್‌ಗಳಲ್ಲೇ ನಿಶ್ಶಸ್ತ್ರ ವಲಯಕ್ಕೆ ಒಯ್ಯಬೇಕಾಯಿತು. ಅಲ್ಲಿ ಅವರ ವಶಕ್ಕೆ ಬಂದ ಸೆರೆಯಾಳುಗಳು ಸುಮಾರು 23,000.

ತಿಮ್ಮಯ್ಯನವರ ಕೆಲಸ, ಪ್ರತಿಯೊಬ್ಬ ಸೆರೆಯಾಳಿಗೂ ತನ್ನ ಮನಸ್ಸಿನ ಮಾತು ಹೇಳುವ ಅವಕಾಶ ಕೊಡಿಸುವುದು. ಅದು ಪೂರ್ತಿ ಕೈಗೂಡಲಿಲ್ಲ. ಶಿಬಿರಗಳೊಳಗೆ ಮುಖಂಡರ ಬೆದರಿಕೆಯಿತ್ತು, ಕೊಲೆಗಳೂ ನಡೆದವು. ಊರಿಗೆ ಹೋಗಬೇಕೆಂದವರು ಬೇಲಿ ಹಾರಿ ಭಾರತೀಯ ಕಾವಲುಗಾರರ ಮೊರೆಹೊಕ್ಕರು. ಬಲ ಪ್ರಯೋಗಿಸಿ ಯಾರನ್ನೂ ಎಳೆದು ತರಲು ತಿಮ್ಮಯ್ಯ ಒಪ್ಪಲಿಲ್ಲ. ಎರಡೂ ಬಣಗಳು ಅವರನ್ನು ಬೈದವು. 1954ರ ಜನವರಿಯಲ್ಲಿ, ಯಾವ ಒಮ್ಮತವೂ ಮೂಡದಾಗ, ಉಳಿದವರನ್ನು ಮೊದಲು ಸೆರೆಹಿಡಿದವರಿಗೇ ಒಪ್ಪಿಸಿದರು. ಎರಡು ಕೊರಿಯಾಗಳೂ ಬೇಡ, ಚೀನಾವೂ ತೈವಾನೂ ಬೇಡ ಎಂದ ಎಂಬತ್ತಕ್ಕೂ ಹೆಚ್ಚು ಮಂದಿ ನಮ್ಮ ಸೇನೆಯೊಂದಿಗೆ ಹಡಗು ಹತ್ತಿ ಭಾರತಕ್ಕೆ ಬಂದರು. ಇಡೀ ಕೊರಿಯಾ ಪ್ರಕರಣದಲ್ಲಿ ಸಾಮಾನ್ಯ ಮನುಷ್ಯನನ್ನು ನಿಲ್ಲಿಸಿ 'ನಿನಗೇನು ಬೇಕು' ಎಂದು ವಿಚಾರಿಸಿದ ಗಳಿಗೆ ಇದೊಂದೇ ಎಂದು ನನಗೆ ತೋರುತ್ತದೆ. ಅದನ್ನು ನಡೆಸಿದವರು ನಮ್ಮ ನಾಡಿನವರು.

ತಿಮ್ಮಯ್ಯ 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು, 1965ರ ಡಿಸೆಂಬರಿನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ ತೀರಿಕೊಂಡರು. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಸಿಂಧಘಟ್ಟ, ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರಗಳಿಂದ ಕೊಡಗಿಗೆ ಪ್ರವಾಸ ಹೊರಡುವ ಶಾಲೆಗಳು ರಾಜಾಸೀಟಿಗೆ ಕೊಡುವ ಸಮಯದಲ್ಲಿ ಒಂದು ಗಂಟೆಯನ್ನು ಈ ಮನೆಗೆ ಮೀಸಲಿಡಲಿ. ಮಕ್ಕಳಿಗೆ ಬರೀ ಪದಕ, ಸಮವಸ್ತ್ರ ತೋರಿಸಿ ಕರೆತರದೆ, ಮೇಷ್ಟ್ರುಗಳು ಹೊರಡುವ ಮುನ್ನವೇ ತರಗತಿಯಲ್ಲಿ ಕೊರಿಯಾದ ನಕಾಶೆ ಬಿಡಿಸಿ, ಆ ಗೆರೆ ಯಾರು ಎಳೆದರು, ಯಾರನ್ನು ಕೇಳಿ ಎಳೆದರು ಎಂದು ಪಾಠ ಮಾಡಲಿ.